ಸ್ವಲ್ಪ ಸೀರಿಯಸ್ಸಂತೆ, ಹೊರಡು

ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಹೊಸತರಲ್ಲಿ ನಾನು ಶ್ರೀರಾಮಪುರದ ಒಂದು ವಠಾರದಲ್ಲಿದ್ದೆ. ಒಂದು ಸಂಜೆ ಚಿಕ್ಕಪ್ಪ ಬಾಗಿಲಿಗೆ ಬಂದು ನಿಂತರು. ಯಶವಂತಪುರದಲ್ಲೇ ಇದ್ದರೂ ಹಬ್ಬಕ್ಕೆ ಬಿಟ್ಟರೆ ಬರುವವರಲ್ಲ. ಕೈಯಲ್ಲಿ ಬ್ಯಾಗು ಬೇರೆ ಇತ್ತು. “ಅಪ್ಪಂಗೆ ಸ್ವಲ್ಪ ಸೀರಿಯಸ್ಸಂತೆ ಕಣೋ, ಹೊರಡು” ಅಂದರು. ಏನಾಯ್ತು, ಯಾವ ಆಸ್ಪತ್ರೆ ಅಂತ ಕೇಳಿದ್ದಕ್ಕೆ “ಅದೇನೋ ಸರಿಯಾಗಿ ಕೇಳಿಸ್ಲಿಲ್ಲ, ಫೋನ್ ಕಟ್ಟಾಯ್ತು” ಎನ್ನುತ್ತಾ ನನ್ನ ಬಟ್ಟೆಗಳನ್ನು ತಾವೇ ಮಡಿಸಿ ಚೀಲಕ್ಕೆ ತುರುಕಿದರು. ರಾತ್ರಿ ಬಸ್ಸು. ತಿಪಟೂರಿನಲ್ಲಿ ನಿಂತಾಗ ಹೋಟೆಲಿಗೆ ಕರೆದುಕೊಂಡು ಹೋಗಿ ನನ್ನ ಮುಂದೆ ಇಡ್ಲಿ ಇಡಿಸಿ, “ತಿನ್ನು, ಅಲ್ಲಿಗೆ ಹೋದ್ಮೇಲೆ ಎಷ್ಟೊತ್ತಾಗುತ್ತೋ ಏನೋ” ಅಂದರು. ತಾವು ಮಾತ್ರ ಕಾಫಿ ಲೋಟ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ. ಸಾವಾದ ಮನೆಯಲ್ಲಿ ಹೆಣ ಎತ್ತುವ ತನಕ ಒಲೆ ಹಚ್ಚುವುದಿಲ್ಲ ಎಂಬುದು ಹಳ್ಳಿಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ನನಗೆ ಅಲ್ಲೇ ಗೊತ್ತಾಯಿತು. ನನಗೆ ಗೊತ್ತಾಯಿತೆಂಬುದು ಅವರಿಗೂ ಗೊತ್ತಾಯಿತು. ಆದರೂ ತರೀಕೆರೆ ತನಕ ಇಬ್ಬರೂ ಆ ಮಾತು ಎತ್ತಲಿಲ್ಲ. ಬೆಳಗಿನ ಜಾವ ಊರಿನ ತಿರುವಿನಲ್ಲಿ, ನಮ್ಮ ಮನೆಯ ಮುಂದೆ ಕೊರಡು ಉರಿಯುತ್ತಿದ್ದದ್ದು ಕಾಣಿಸಿತು. ಚಿಕ್ಕಪ್ಪ ನನ್ನ ರಟ್ಟೆ ಹಿಡಿದುಕೊಂಡರು.

ಆಮೇಲೆ ಎಷ್ಟೋ ವರ್ಷ ನನಗೆ ಅವರ ಮೇಲೆ ಒಳಗೊಳಗೇ ಸಿಟ್ಟಿತ್ತು. ನನ್ನಪ್ಪ ಸತ್ತ ವಿಷಯ ನನ್ನಿಂದಲೇ ಮುಚ್ಚಿಡಲು ಇವರ್ಯಾರು ಅಂತ. ಈಗ ನನಗೆ ಆಗ ಅವರಿಗಿದ್ದಷ್ಟೇ ವಯಸ್ಸು. ಅಂಥ ಸುದ್ದಿಗಳನ್ನು ನಾನೂ ಒಂದೆರಡು ಕಡೆ ಮುಟ್ಟಿಸಿದ್ದೇನೆ. ಒಮ್ಮೆಯಂತೂ ಎಷ್ಟು ಕೆಟ್ಟದಾಗಿ ಎಂದರೆ, ಕೇಳಿಸಿಕೊಂಡವರು ನನಗೇ ಸಮಾಧಾನ ಹೇಳಬೇಕಾಯಿತು. ಹಾಗಾಗಿ ನಮ್ಮ ಈ ‘ಸ್ವಲ್ಪ ಸೀರಿಯಸ್’ ಎಂಬ ಪದ್ಧತಿಯನ್ನು, ಒಂದು ಪುಸ್ತಕವನ್ನೋ ನಾಟಕವನ್ನೋ ತೂಗುವ ಹಾಗೆ, ಅದರ ಗುಣದೋಷ ಸಮೇತ ಒಮ್ಮೆ ತೂಗಿ ನೋಡಬೇಕೆನ್ನಿಸಿದೆ.

ಈ ‘ಸೀರಿಯಸ್’ ಎಂಬ ಪದ ನಮ್ಮ ಹಳ್ಳಿಗಳಿಗೆ ಬಂದದ್ದು ಬಹುಶಃ ತಂತಿಯ ಜೊತೆಗೆ. ಪದಕ್ಕಿಷ್ಟು ಎಂದು ಲೆಕ್ಕ ಹಾಕುತ್ತಿದ್ದ ಕಾಲ. ‘ಫಾದರ್ ಎಕ್ಸ್‌ಪೈರ್ಡ್’ ಎಂದರೆ ಎರಡೇ ಪದದಲ್ಲಿ ಮುಗಿಯುತ್ತಿತ್ತು. ಆದರೂ ಜನ ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ’ ಎಂದು ನಾಲ್ಕು ಪದ ಬರೆಸುತ್ತಿದ್ದರು. ಹೆಚ್ಚಿಗೆ ಬಿದ್ದ ಆ ಎರಡು ಪದ ದೂರದಲ್ಲಿರುವವನು ಬಸ್ಸು ಹತ್ತುವಷ್ಟು ಧೈರ್ಯ ಉಳಿಸಿಕೊಳ್ಳಲಿ ಎಂಬುದಕ್ಕೆ. ತಂತಿ ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ. ಹಳ್ಳಿಯ ಮನೆಗೆ ಬಂದರೆ ಪೋಸ್ಟ್ ಮಾಸ್ತರೋ ಶಾಲೆ ಮೇಷ್ಟ್ರೋ ಓದಿ ಹೇಳಬೇಕು. ಅವರಿಗೆ ಇಂಗ್ಲಿಷ್ ಬರುತ್ತಿದ್ದ ಒಂದೇ ತಪ್ಪಿಗೆ ಊರಿನ ಎಷ್ಟೋ ಸಾವುಗಳು ಮೊದಲು ಅವರ ಎದೆಗೆ ಬಂದು ಬೀಳುತ್ತಿದ್ದವು. ತಂತಿಯವನ ಸೈಕಲ್ಲು ಅಂಗಳಕ್ಕೆ ತಿರುಗಿದ್ದನ್ನು ಕಂಡೇ ಹೆಂಗಸರು ಅಳಲು ಶುರು ಮಾಡುತ್ತಿದ್ದರಂತೆ, ಒಳಗಿರುವುದು ಮಗನಿಗೆ ಕೆಲಸ ಸಿಕ್ಕ ಸುದ್ದಿಯಾಗಿದ್ದರೂ. 2013ರ ಜುಲೈಯಲ್ಲಿ ಬಿಎಸ್‌ಎನ್‌ಎಲ್ ತಂತಿ ಸೇವೆ ನಿಲ್ಲಿಸಿತು. ‘ಸೀರಿಯಸ್’ ಮಾತ್ರ ಫೋನಿಗೆ ವರ್ಗವಾಗಿ ಇನ್ನೂ ಸೇವೆಯಲ್ಲಿದೆ.

ಈ ಅರ್ಧ ಸುಳ್ಳಿಗೆ ನಮ್ಮಲ್ಲಿ ಒಂದು ಶಾಸ್ತ್ರವೇ ಇದೆ. ಉಣ್ಣುವವರ ತಟ್ಟೆ ಖಾಲಿಯಾಗುವ ತನಕ ಹೇಳಬಾರದು, ಆಮೇಲೆ ಎರಡು ದಿನ ಅವರು ಅನ್ನ ಮುಟ್ಟುವುದಿಲ್ಲ. ಬಸುರಿಗೆ ನೇರವಾಗಿ ಹೇಳಬಾರದು. ಮದುವೆ ಮನೆಯಾದರೆ ಕೊರಳಿಗೆ ತಾಳಿ ಬೀಳುವ ತನಕ ಗುಟ್ಟು. ಸುದ್ದಿ ಕಿವಿಗೆ ಬಿದ್ದರೆ ತಾನೇ ಸೂತಕ. ಸತ್ತರು ಎನ್ನಬಾರದು: ತೀರಿಕೊಂಡರು, ಹೋಗಿಬಿಟ್ಟರು, ದೈವಾಧೀನರಾದರು, ಲಿಂಗೈಕ್ಯರಾದರು, ವೈಕುಂಠವಾಸಿಗಳಾದರು. ಇದರಲ್ಲಿ ‘ತೀರಿಕೊಂಡರು’ ನನಗೆ ತುಂಬ ಇಷ್ಟ. ಸಾಲ ತೀರಿಸಿ ಎದ್ದು ಹೋದ ಹಾಗೆ ಕೇಳಿಸುತ್ತದೆ.

ಆದರೆ ಶಾಸ್ತ್ರ ಇದೆ ಎಂದ ಮಾತ್ರಕ್ಕೆ ಎಲ್ಲಕ್ಕೂ ತಲೆದೂಗುವಂತಿಲ್ಲ. ಫೋನೂ ಇಲ್ಲದ, ತಂತಿಯೂ ಮುಟ್ಟದ ಕಾಲದಲ್ಲಿ ಹತ್ತೂರಿನ ನೆಂಟರಿಗೆ ಸಾವಿನ ಸುದ್ದಿ ಮುಟ್ಟಿಸುತ್ತಿದ್ದವರು ಯಾರು? ದಲಿತರು. ಮೇಲ್ಜಾತಿಯ ಮನೆಯಲ್ಲಿ ಸಾವಾದರೆ ಬಿಸಿಲೋ ಮಳೆಯೋ, ಎಷ್ಟೇ ದೂರವಿರಲಿ, ನಡೆದುಹೋಗಿ ಸುದ್ದಿ ಹೇಳುವುದು ಅವರ ಮೇಲೆ ಹೊರಿಸಿದ ಬಿಟ್ಟಿ ಚಾಕರಿ. ಅಸ್ಪೃಶ್ಯರ ಮೇಲೆ ಹಳ್ಳಿ ಹೇರಿದ ಕಟ್ಟುಪಾಡುಗಳನ್ನು ಪಟ್ಟಿ ಮಾಡುವಾಗ ಅಂಬೇಡ್ಕರ್ ಇದನ್ನೂ ಸೇರಿಸಿದ್ದಾರೆ. ಸುದ್ದಿ ತಂದವನು ಅಂಗಳದ ಹೊರಗೇ ನಿಂತು ಕೂಗಿ ಹೇಳಬೇಕಿತ್ತು. ಎದೆ ಬಡಿದುಕೊಂಡು ಕುಸಿದವರನ್ನು ಮುಟ್ಟಿ ಎತ್ತುವ ಹಾಗಿರಲಿಲ್ಲ, ಹೆಗಲ ಮೇಲೆ ಕೈಯಿಡುವ ಹಾಗಿರಲಿಲ್ಲ, ಒಳಗೆ ಬಂದು ಕೂರುವ ಮಾತಂತೂ ದೂರ. ತನ್ನ ಮನೆಯಲ್ಲೇ ಯಾರೋ ಕಾಯಿಲೆ ಬಿದ್ದಿದ್ದರೂ ಅವನು ಹೊರಡಲೇಬೇಕು. ‘ಹಿಂದಿನವರು ಸಾವನ್ನು ಎಷ್ಟು ನಾಜೂಕಾಗಿ ತಿಳಿಸುತ್ತಿದ್ದರು’ ಎಂದು ಯಾರಾದರೂ ಹೊಗಳಿದರೆ ನನಗೆ ಹೊರಗೆ ನಿಂತಿದ್ದ ಆ ಮನುಷ್ಯ ನೆನಪಾಗುತ್ತಾನೆ. ಹೇಳುವ ಕೆಲಸ ಒಬ್ಬನಿಗೆ, ಸಮಾಧಾನ ಮಾಡುವ ಹಕ್ಕು ಇನ್ನೊಬ್ಬನಿಗೆ ಎಂದು ಹಂಚಿಟ್ಟ ಏರ್ಪಾಡಿನಲ್ಲಿ ಕರುಣೆ ಎಲ್ಲಿಂದ ಬರಬೇಕು?

ಕೆಟ್ಟ ಸುದ್ದಿ ಹೇಳುವವನ ಕಷ್ಟವನ್ನು ನಾನು ಕಂಡಂತೆ ಅತ್ಯಂತ ನಿಷ್ಠುರವಾಗಿ ನೋಡಿರುವುದು ವಾಲ್ಮೀಕಿಯ ಅಯೋಧ್ಯಾಕಾಂಡ. ನಾವೆಲ್ಲ ಶ್ರವಣಕುಮಾರನ ಕಥೆ ಎಂದು ಕರೆಯುವ ಭಾಗ. ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ಎಂದುಕೊಂಡು ದಶರಥ ಬಾಣ ಬಿಟ್ಟಿದ್ದಾನೆ, ಹುಡುಗ ಸತ್ತಿದ್ದಾನೆ. ಯಾರೂ ನೋಡಿಲ್ಲ. ರಾಜಕುಮಾರ ರಥವನ್ನು ಅರಮನೆ ಕಡೆಗೆ ತಿರುಗಿಸಬಹುದಿತ್ತು. ಆಳನ್ನು ಕಳಿಸಬಹುದಿತ್ತು. ಅವನು ನೀರಿನ ಕೊಡ ಹಿಡಿದು ತಾನೇ ಆ ಕುರುಡು ತಂದೆತಾಯಿಯ ಬಳಿಗೆ ಹೋಗುತ್ತಾನೆ. ಹೆಜ್ಜೆ ಸಪ್ಪಳ ಕೇಳಿದ ಅಪ್ಪ ಮಗನೇ ಬಂದನೆಂದು ಯಾಕಿಷ್ಟು ತಡ ಎಂದು ಮಾತಾಡಿಸುತ್ತಾನೆ. ಸುದ್ದಿ ಹೇಳಬೇಕಾದವನಿಗೆ ಇದಕ್ಕಿಂತ ಕಷ್ಟದ ಕ್ಷಣವನ್ನು ಯಾವ ಕಥೆಗಾರ ತಂದಾನು? ಇಲ್ಲಿ ದಶರಥ ‘ಸ್ವಲ್ಪ ಸೀರಿಯಸ್’ ಎನ್ನುವುದಿಲ್ಲ. ತಾನು ಯಾರೆಂದು ಹೇಳುತ್ತಾನೆ, ನಾನು ನಿಮ್ಮ ಮಗ ಅಲ್ಲ ಎಂದು ತಿಳಿಸುತ್ತಾನೆ, ಏನು ಮಾಡಿದೆ ಎಂದು ಹೇಳುತ್ತಾನೆ. ಆಮೇಲೆ ಓಡಿಹೋಗುವುದೂ ಇಲ್ಲ. ಅವರಿಬ್ಬರೂ ಕೇಳಿಕೊಂಡಾಗ ಕರೆದೊಯ್ದು ಮಗನ ಶವವನ್ನು ಮುಟ್ಟಿಸುತ್ತಾನೆ. ಶಾಪವನ್ನೂ ಅಲ್ಲೇ ನಿಂತು ತೆಗೆದುಕೊಳ್ಳುತ್ತಾನೆ. ಈ ಕಥೆಯನ್ನು ಅವನು ಕೌಸಲ್ಯೆಗೆ ಹೇಳುವುದು ಯಾವಾಗ? ರಾಮನನ್ನು ಕಾಡಿಗೆ ಬಿಟ್ಟು ಬಂದ ಸುಮಂತ್ರನ ಬಾಯಿಂದ ತನಗೇ ಸುದ್ದಿ ಬಂದ ಮೇಲೆ, ತಾನು ಸಾಯುವ ರಾತ್ರಿ. ಹೇಳಿದವನೇ ಕೇಳುವವನಾದ ಹೊತ್ತಿನಲ್ಲಿ.

ಕೊಂದವನಿಗೆ ಸಾಧ್ಯವಾದದ್ದು ಉಳಿಸಲು ಹೆಣಗಿದವರಿಗೆ ಯಾಕೆ ಆಗುವುದಿಲ್ಲ ಎಂಬ ಪ್ರಶ್ನೆ ನನಗೆ ಎದ್ದದ್ದು ಒಂದು ಆಸ್ಪತ್ರೆಯ ಐಸಿಯು ಮುಂದೆ. ಭಾವ ಒಳಗಿದ್ದರು. ಅಕ್ಕ ಮಡಿಲಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದಳು. ಬಾಗಿಲು ಅರ್ಧ ತೆರೆದು “ಪೇಷೆಂಟ್ ಕಡೆಯೋರು ಯಾರು?” ಎಂದು ಕೂಗಿದರು. ಎದ್ದು ಹೋದೆವು. ಇಪ್ಪತ್ತೈದು ದಾಟಿರದ ಡಾಕ್ಟರು, ಮಾಸ್ಕು ಗಲ್ಲದ ಕೆಳಗಿತ್ತು. “ಸಾರಿ, ಪೇಷೆಂಟ್ ಅರೆಸ್ಟ್ ಆದ್ರು. ರಿವೈವ್ ಮಾಡೋಕೆ ಟ್ರೈ ಮಾಡಿದ್ವಿ, ಆಗ್ಲಿಲ್ಲ.” ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, “ಈಗ ಹೇಗಿದಾರೆ ಡಾಕ್ಟ್ರೇ?” ಎಂದಳು. ಆ ಹುಡುಗ ನನ್ನ ಮುಖ ನೋಡಿದ. “ಸರ್, ನೀವು ಬಿಲ್ಲಿಂಗ್ ಹತ್ರ ಹೋಗಿ ಫಾರ್ಮಾಲಿಟೀಸ್ ಮುಗಿಸ್ಕೊಳ್ಳಿ” ಎಂದು ಒಳಗೆ ಹೋದ. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಳ್ಳುವಂಥದ್ದು. ಅಕ್ಕನಿಗೆ ಕನ್ನಡದಲ್ಲಿ ನಾನು ಹೇಳಬೇಕಾಯಿತು.

ಆ ಹುಡುಗನನ್ನು ಬೈಯುವುದು ಸುಲಭ. ಅವನು ಹಿಂದಿನ ರಾತ್ರಿಯಿಂದ ಡ್ಯೂಟಿಯಲ್ಲಿದ್ದ, ಅಂಗಿಯೇ ಹೇಳುತ್ತಿತ್ತು. ಸಾವಿನ ಸುದ್ದಿ ಹೇಳಿದ ಡಾಕ್ಟರನ್ನು ಹಿಡಿದು ಹೊಡೆದ ಪ್ರಕರಣಗಳನ್ನು ಪೇಪರಿನಲ್ಲಿ ಓದದವನೇನೂ ಆಗಿರಲಾರ. ಬಾಗಿಲನ್ನು ಅರ್ಧವೇ ತೆರೆದದ್ದಕ್ಕೆ ಅದೂ ಕಾರಣವಿದ್ದೀತು. ಎಲ್ಲಕ್ಕಿಂತ ಹೆಚ್ಚಾಗಿ, ಇದನ್ನು ಹೇಗೆ ಹೇಳಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಕಲಿಸಲು ಆಗುವಂಥದ್ದೇ ಇದು? ಆಗುತ್ತದೆ ಎಂದವರಲ್ಲಿ ಮುಖ್ಯರು ಕ್ಯಾನ್ಸರ್ ತಜ್ಞ ರಾಬರ್ಟ್ ಬಕ್ಮನ್ ಮತ್ತು ಅಮೆರಿಕದ ವಾಲ್ಟರ್ ಬೇಲ್. ಬಕ್ಮನ್ ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದವರು. ವೇದಿಕೆಯಲ್ಲಿ ನಗಿಸುತ್ತಲೂ ಇದ್ದರು ಎಂಬುದು ನನಗೆ ಇಷ್ಟವಾದ ವಿಷಯ. 2000ದಲ್ಲಿ ಇವರು ಸಂಗಡಿಗರ ಜೊತೆ ಪ್ರಕಟಿಸಿದ ‘ಸ್ಪೈಕ್ಸ್’ ಎಂಬ ಆರು ಹಂತದ ಕ್ರಮ ಈಗ ಜಗತ್ತಿನ ಬಹಳಷ್ಟು ಕಡೆ ಪಾಠವಾಗಿದೆ. ಮೊದಲು ಜಾಗ ನೋಡಿಕೊಳ್ಳಿ, ಕೂತು ಮಾತಾಡಿ. ಅವರಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಿ. ಎಷ್ಟು ತಿಳಿಯಲು ಇಷ್ಟ ಎಂದು ಕೇಳಿ. ಆಮೇಲೆ, ಬರುವುದು ಒಳ್ಳೆಯ ಸುದ್ದಿಯಲ್ಲ ಎಂದು ಒಂದು ಮುನ್ಸೂಚನೆ ಕೊಟ್ಟು, ಸರಳ ಮಾತಿನಲ್ಲಿ ಹೇಳಿ. ಅವರ ದುಃಖಕ್ಕೆ ಜಾಗ ಕೊಡಿ. ಕೊನೆಗೆ ಮುಂದೇನು ಎಂಬುದನ್ನು ಜೊತೆಯಲ್ಲಿ ಯೋಚಿಸಿ. ನಮ್ಮಲ್ಲೂ 2019ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ನಡತೆ, ನೀತಿ, ಸಂವಹನದ ಪಾಠ ಪಠ್ಯಕ್ರಮದ ಭಾಗವಾಗಿದೆ.

ಇದನ್ನು ಓದುತ್ತಾ ‘ಮುನ್ಸೂಚನೆ’ಯ ಹತ್ತಿರ ನನಗೆ ನಗು ಬಂತು. ನಮ್ಮ ‘ಸ್ವಲ್ಪ ಸೀರಿಯಸ್’ ಮತ್ತೇನು? ಅವರು ಒಂದು ವಾಕ್ಯದಲ್ಲಿ ಮುಗಿಸುವುದನ್ನು ಚಿಕ್ಕಪ್ಪ ಬೆಂಗಳೂರಿನಿಂದ ತರೀಕೆರೆಯವರೆಗೆ ಎಳೆದರು, ಅಷ್ಟೇ. ಕ್ರಮ ಚೆನ್ನಾಗಿಯೇ ಇದೆ. ‘ಅರೆಸ್ಟ್’ ಎಂಬ ಒಂದು ಪದವನ್ನು ತಡೆದಿದ್ದರೂ ಅಕ್ಕನಿಗೆ ಅದರಿಂದ ಉಪಕಾರವಾಗುತ್ತಿತ್ತು. ಆದರೆ ಆ ಕ್ರಮ ಮುಚ್ಚಿದ ಕೋಣೆಯೊಳಗೆ ಒಬ್ಬ ಡಾಕ್ಟರು, ಒಬ್ಬ ರೋಗಿ ಎದುರುಬದುರು ಕೂತಿದ್ದಾರೆ ಎಂದುಕೊಂಡು ಬರೆದದ್ದು. ನಮ್ಮಲ್ಲಿ ರೋಗಿಯ ಜೊತೆ ಆರು ಜನ ಒಳಗೆ, ಫೋನಿನಲ್ಲಿ ದುಬೈಯ ಭಾವಮೈದ, ಕಾರಿಡಾರಿನಲ್ಲಿ ಊರಿನ ಮಾಜಿ ಪಂಚಾಯ್ತಿ ಮೆಂಬರು. ‘ನಿಮಗೆ ಎಷ್ಟು ತಿಳಿಯಲು ಇಷ್ಟ’ ಎಂದು ರೋಗಿಯನ್ನು ಕೇಳುವ ಮೊದಲೇ ದೊಡ್ಡ ಮಗ ಡಾಕ್ಟರನ್ನು ಪಕ್ಕಕ್ಕೆ ಕರೆದಿರುತ್ತಾನೆ. “ಅವರಿಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೇ, ಗಡ್ಡೆ ಅಂತಷ್ಟೇ ಹೇಳಿ.” ಮನೆಗೆ ಬಂದ ಮೇಲೆ ಒಬ್ಬರೆದುರು ಒಬ್ಬರು ಏನೂ ಗೊತ್ತಿಲ್ಲದವರ ಹಾಗೆ ನಟಿಸುವುದು ತಿಂಗಳುಗಟ್ಟಲೆ ನಡೆಯುತ್ತದೆ. ಅರ್ಧ ಸುಳ್ಳಿನ ದೊಡ್ಡ ದೋಷ ಇದು. ಒಂದು ರಾತ್ರಿಯ ಬಸ್ಸಿಗೆ ಆಗುವ ಸುಳ್ಳು ಆರು ತಿಂಗಳಿಗೆ ಆಗಿಬರುವುದಿಲ್ಲ. ಸಾಯುವವರಿಗೂ ಯಾರಿಗಾದರೂ ಏನಾದರೂ ಹೇಳಿ ಹೋಗುವುದಿರುತ್ತದೆ, ಅದಕ್ಕೆ ಅವಕಾಶವೇ ಸಿಗುವುದಿಲ್ಲ.

ಫೋನಿನ ಕಾಲ ಸಾವಿನ ಸುದ್ದಿ ಹೇಳುವುದನ್ನು ಇನ್ನೊಂದು ತುದಿಗೆ ಒಯ್ದಿದೆ. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅತ್ತೆಯೊಬ್ಬರ ಫೋಟೋ, ಕೆಳಗೆ ‘ಓಂ ಶಾಂತಿ’, ಕೈಮುಗಿದ ಚಿತ್ರಗಳು ಸಾಲುಸಾಲು. ಅವರ ಮಗ ಆಗ ವಿಮಾನದಲ್ಲಿದ್ದ. ಇಳಿದು ಫೋನ್ ಆನ್ ಮಾಡಿದಾಗ ಅವನಿಗೆ ಮೊದಲು ಕಂಡದ್ದು ಆ ಕೈಗಳು. ‘ಸ್ವಲ್ಪ ಸೀರಿಯಸ್’ ಎನ್ನುವ ಸುಳ್ಳುಗಾರ ಒಬ್ಬನಾದರೂ ಜೊತೆಗಿದ್ದಿದ್ದರೆ ಅನ್ನಿಸಿತು. ಫೋನಿನಲ್ಲೂ ಅದೇ ಮಾತನ್ನು ಈಗಲೂ ಹೇಳುತ್ತಾರೆ ನಿಜ, ಆದರೆ ಹೇಳಿ ಇಟ್ಟುಬಿಡುತ್ತಾರೆ. ನಮ್ಮ ಚಿಕ್ಕಪ್ಪನ ಮಾತಿನಲ್ಲಿ ‘ಸೀರಿಯಸ್’ಗಿಂತ ‘ಹೊರಡು’ ಮುಖ್ಯವಾಗಿತ್ತು, ಅವರೂ ಹೊರಟಿದ್ದರು. ಕೈಯಲ್ಲಿದ್ದ ಆ ಬ್ಯಾಗಿಗಾಗಿ ನಾನು ಅವರ ಸುಳ್ಳನ್ನು ಮನ್ನಿಸಿದ್ದೇನೆ.

ಇನ್ನೊಂದು ಮಾತು ಉಳಿಯಿತು. ನಮ್ಮ ಕಡೆಯ ಡಾಕ್ಟರುಗಳ ಬಾಯಲ್ಲಿ ಎಷ್ಟೋ ಕಾಲದಿಂದ ಬಂದಿರುವ ಮಾತು: “ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ಕೊಡಿ.” ಕನ್ನಡದಲ್ಲಿ ಇದಕ್ಕಿಂತ ಮೆತ್ತಗಿನ, ಇದಕ್ಕಿಂತ ಭಯಂಕರವಾದ ವಾಕ್ಯ ಇನ್ನೊಂದಿದೆಯೋ ಇಲ್ಲವೋ. ಕಾಯಿಲೆಯ ಹೆಸರಿಲ್ಲ, ದಿನದ ಲೆಕ್ಕವಿಲ್ಲ. ಹೊಣೆಯನ್ನು ಮಾತ್ರ ನಯವಾಗಿ ಮನೆಯವರ ಅಡುಗೆಮನೆಗೆ ಸಾಗಿಸಿಬಿಡುತ್ತದೆ. ಡಾಕ್ಟರು ನುಣುಚಿಕೊಂಡರು ಎಂದೂ ಹೇಳಬಹುದು, ಮನೆಯವರಿಗೆ ಮಾಡಲು ಒಂದು ಕೆಲಸ ಕೊಟ್ಟರು ಎಂದೂ ಹೇಳಬಹುದು. ನನಗೆ ಎರಡೂ ನಿಜ ಅನ್ನಿಸುತ್ತದೆ.

ನನ್ನ ತಾಯಿಯ ತಾಯಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಮಾವಿನಹಣ್ಣು ಕಣ್ಣಿಗೂ ಬೀಳದ ಹಾಗೆ ನೋಡಿಕೊಂಡಿದ್ದರು. ಒಂದು ಮೇ ತಿಂಗಳಲ್ಲಿ ಶಿವಮೊಗ್ಗೆಯ ಆಸ್ಪತ್ರೆಯಿಂದ ಕರೆತಂದ ಸಂಜೆ ಮಾವ ಎರಡು ರಸಪುರಿ ಹೆಚ್ಚಿ, ತಟ್ಟೆಯಲ್ಲಿ ಹಾಕಿ ಅಜ್ಜಿಯ ಮುಂದೆ ಇಟ್ಟು ನಿಂತರು. ಅಜ್ಜಿ ತಟ್ಟೆ ನೋಡಿದಳು. ಮಗನ ಮುಖ ನೋಡಿದಳು.

“ಡಾಕ್ಟ್ರು ಹಂಗಂದ್ರಾ?”

ಮಾವ ಮಾತಾಡಲಿಲ್ಲ. ಅಜ್ಜಿ ವಾಟೆಯನ್ನು ತಾನು ತೆಗೆದುಕೊಂಡು ಹೋಳುಗಳನ್ನು ಅವರ ಕಡೆ ತಳ್ಳಿ, “ಯಾಕ್ ನಿಂತಿದ್ದೀಯ, ಕೂತ್ಕೋ” ಅಂದಳು. ಮಾವ ಅವಳ ಚಾಪೆಯ ಅಂಚಿನಲ್ಲೇ ಕೂತರು. ವಾಟೆ ಚೀಪುತ್ತಾ ಅಜ್ಜಿ ಕೆಳಗಿನ ತೋಟಕ್ಕೆ ಈ ಸಲ ಎಷ್ಟು ಸರ್ತಿ ನೀರು ಬಿಟ್ಟಿರಿ ಎಂದು ಕೇಳಿದಳು.