ಚರ್ಮಪರೀಕ್ಷೆಯಲ್ಲಿ ಪ್ರಮಾಣವಿಚಾರ

ಚರ್ಮಕ್ಕೆ ತಗಲುವ ರಾಸಾಯನಿಕ ದ್ರವ್ಯವು ದಾಹಕವೋ, ಉದ್ರೇಕಕಾರಿಯೋ, ನಿರುಪದ್ರವವೋ ಎಂಬುದನ್ನು ನಿರ್ಣಯಿಸಲು ಬಹುಕಾಲ ಮೊಲದ ಬೆನ್ನೇ ಪ್ರಮಾಣವಾಗಿದ್ದಿತು. ಅಮೇರಿಕದ ಜಾನ್ ಡ್ರೇಜ್ ಎಂಬ ವಿದ್ವಾಂಸನು ಸಹೋದ್ಯೋಗಿಗಳೊಡನೆ ೧೯೪೪ರಲ್ಲಿ ಪ್ರಕಟಿಸಿದ ವಿಧಾನದಂತೆ, ರೋಮ ತೆಗೆದ ಚರ್ಮಕ್ಕೆ ದ್ರವ್ಯವನ್ನು ಹಚ್ಚಿ, ಅಲ್ಲಿ ಕಾಣುವ ಕೆಂಪನ್ನೂ ಬಾವನ್ನೂ ಕಣ್ಣಿನಿಂದ ನೋಡಿ ಅಂಕ ಕೊಡುವರು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು ೨೦೧೦ರಲ್ಲಿ ಅಂಗೀಕರಿಸಿದ ೪೩೯ನೆಯ ಪರೀಕ್ಷಾಸೂತ್ರವು ಮೊಲವನ್ನು ಬಿಟ್ಟು ಬೇರೆ ಹಾದಿಯನ್ನು ತೋರಿಸಿತು. ಭಾರತದಲ್ಲಿ ೨೦೧೪ರಿಂದ ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ನಿಷಿದ್ಧವಾಗಿರುವುದರಿಂದ ಇದರ ಗುಣದೋಷಗಳ ವಿವೇಚನೆಯು ಅವಶ್ಯವಾಗಿದೆ.

ಸೂತ್ರದ ಸಾರವಿಷ್ಟು: ಮನುಷ್ಯಚರ್ಮದ ಜೀವಕೋಶಗಳನ್ನು ಪಾತ್ರೆಯಲ್ಲಿ ಪದರಪದರವಾಗಿ ಬೆಳೆಯಿಸಿ, ಅದರ ಮೇಲೆ ದ್ರವ್ಯವನ್ನು ಲೇಪಿಸಿ ತೊಳೆಯುವರು. ಅನಂತರ ಎಂ.ಟಿ.ಟಿ. ಎಂಬ ಹಳದಿ ದ್ರವ್ಯವನ್ನು ಕೂಡಿಸುವರು. ಬದುಕಿರುವ ಕೋಶಗಳು ಅದನ್ನು ನೀಲವರ್ಣಕ್ಕೆ ತಿರುಗಿಸುತ್ತವೆ. ಬದುಕುಳಿದ ಅಂಶವು ನೂರಕ್ಕೆ ೫೦ ಅಥವಾ ಅದಕ್ಕಿಂತ ಕಡಿಮೆಯಾದರೆ ದ್ರವ್ಯವು ಉಪದ್ರವಕಾರಿ. ಅದು ಉದ್ರೇಕಕಾರಿ ಮಾತ್ರವೋ ದಾಹಕವೂ ಹೌದೋ ಎಂಬುದನ್ನು ಈ ಸೂತ್ರವೊಂದೇ ಬಿಡಿಸಿ ಹೇಳಲಾರದು. ಅದಕ್ಕೆ ೨೦೦೪ರ ೪೩೧ನೆಯ ಸೂತ್ರದಂತಹ ಬೇರೆ ಪರೀಕ್ಷೆ ಬೇಕು.

ಸುಶ್ರುತಸಂಹಿತೆಯ ಸೂತ್ರಸ್ಥಾನದ ೯ನೆಯ ಅಧ್ಯಾಯದಲ್ಲಿ ಶಿಷ್ಯರು ಛೇದನವನ್ನು ಕುಂಬಳ ಸೋರೆಗಳ ಮೇಲೆಯೂ, ಕ್ಷಾರಾಗ್ನಿಕರ್ಮಗಳನ್ನು ಮೃದುವಾದ ಮಾಂಸಖಂಡಗಳ ಮೇಲೆಯೂ ಅಭ್ಯಸಿಸಬೇಕೆಂದು ವಿಧಿಸಿದೆ. ಇದನ್ನು ಹಿಡಿದು ಪ್ರಾಚೀನರಿಗೆ ಇಂದಿನ ಪರೀಕ್ಷೆಯು ತಿಳಿದಿತ್ತೆಂದು ಸಾಧಿಸಹೊರಡುವುದು ಸಾಹಸವೇ ಸರಿ. ಅಲ್ಲಿಯ ಉದ್ದೇಶವು ಹಸ್ತಕೌಶಲ; ದ್ರವ್ಯದ ಬಲಾಬಲವಲ್ಲ. ಆದರೆ ಜೀವಂತ ದೇಹದ ಮುನ್ನ ಪ್ರತಿನಿಧಿಯೊಂದರ ಮೇಲೆ ಕೈ ತಿದ್ದಿಕೊಳ್ಳಬೇಕೆಂಬ ವಿವೇಕವು ಎರಡಕ್ಕೂ ಸಾಮಾನ್ಯ.

ಹೊಸ ಸೂತ್ರದ ಗುಣವು ಸ್ಪಷ್ಟವಾಗಿದೆ. ಮೊಲದ ಚರ್ಮದಿಂದ ಮನುಷ್ಯಚರ್ಮವನ್ನು ಊಹಿಸುವ ಸಾದೃಶ್ಯದ ತೊಡಕು ಇಲ್ಲಿಲ್ಲ. ಆದರೂ ಅದನ್ನು ಸ್ವತಃಪ್ರಮಾಣವೆನ್ನಲಾಗದು. ಯಾಕಂದರೆ ಆ ವಿಧಾನವನ್ನು ಒಪ್ಪುವ ಮುನ್ನ ಅದರ ಫಲಗಳನ್ನು ಹಿಂದಿನ ಮೊಲದ ಫಲಗಳೊಡನೆಯೇ ತೂಗಿದರು. ಯಾವ ಅಳತೆಗೋಲನ್ನು ದುಷ್ಟವೆಂದು ಬಿಡಲಾಯಿತೋ ಅದರಿಂದಲೇ ಹೊಸ ಗೋಲನ್ನು ಅಳೆದಂತಾಯಿತು.

ಎರಡನೆಯದು ಹೇತುವಿನ ವ್ಯಭಿಚಾರ. ನೀಲವರ್ಣವು ಜೀವದ ಲಿಂಗವೆಂದು ಗ್ರಹಿಸಿದೆ. ಆದರೆ ಕೆಲವು ದ್ರವ್ಯಗಳು ಕೋಶಗಳ ನೆರವಿಲ್ಲದೆಯೇ ಎಂ.ಟಿ.ಟಿ.ಯನ್ನು ನೀಲವಾಗಿಸುತ್ತವೆ, ಕೆಲವು ತಮ್ಮ ಬಣ್ಣದಿಂದಲೇ ಅಳತೆಯನ್ನು ಕೆಡಿಸುತ್ತವೆ. ಸೂತ್ರಕಾರರು ಇದನ್ನರಿತು, ಸತ್ತ ಚರ್ಮದ ಮೇಲೆಯೂ ಅದೇ ದ್ರವ್ಯವನ್ನು ಹಚ್ಚಿ ಕಂಡ ಭ್ರಾಂತಿಯನ್ನು ಕಳೆಯುವ ಕ್ರಮವನ್ನು ಹೇಳಿರುವುದು ಪ್ರಶಂಸನೀಯ.

ಮೂರನೆಯದು ಹೆಚ್ಚು ಗಂಭೀರವಾದುದು. ಕುಂದಗೋಳ ಸೀಮೆಯಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯು ಬಣ್ಣದಲ್ಲಿ ಪ್ರಖರ, ಖಾರದಲ್ಲಿ ಸೌಮ್ಯ. ಹಾಗಿದ್ದರೂ ಮೆಣಸಿನಕಾಯಿಯ ಕೆಲಸದಲ್ಲಿ ಕೈಗಳು ಉರಿಯುವುದನ್ನು ಬಲ್ಲವರು ಬಲ್ಲರು. ಅದಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಕೋಶಗಳನ್ನು ಕೊಲ್ಲದೆಯೂ ಚರ್ಮದ ನರಗಳನ್ನು ಕೆರಳಿಸಿ ಉರಿಯನ್ನುಂಟುಮಾಡಬಲ್ಲದು. ಪಾತ್ರೆಯಲ್ಲಿ ಬೆಳೆದ ಚರ್ಮಕ್ಕೆ ನರಗಳಿಲ್ಲ, ರಕ್ತನಾಳಗಳೂ ಇಲ್ಲ. ಆದುದರಿಂದ ಕೋಶಗಳು ಬದುಕಿದುವೆಂಬ ಮಾತ್ರದಿಂದ ಉರಿಯಿಲ್ಲವೆಂದು ಅನುಮಾನಿಸುವುದಕ್ಕೆ ವ್ಯಾಪ್ತಿಯು ಸಿದ್ಧವಾಗದು. ಈ ದೋಷವು ಸೂತ್ರದ್ದಲ್ಲ. ಅದು ಹೇಳದ ಅರ್ಥವನ್ನು ಅದರ ಮೇಲೆ ಹೊರಿಸುವವರದು. ಮೊಲವಾದರೂ ತನ್ನ ಉರಿಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೀಗಿರಲು ೪೩೯ನೆಯ ಸೂತ್ರವನ್ನು ಅದರ ವಿಷಯದಲ್ಲಿ, ಎಂದರೆ ಕೋಶನಾಶದ ನಿರ್ಣಯದಲ್ಲಿ, ಪ್ರಮಾಣವೆಂದು ಸ್ವೀಕರಿಸಬೇಕು. ಮೊಲದ ಬೆನ್ನಿಗೆ ಮರಳಲು ಯಾವ ಕಾರಣವೂ ಕಾಣದು. ಆದರೆ ಉರಿಯೆಂಬ ವೇದನೆಯ ವಿಷಯದಲ್ಲಿ ಅದನ್ನು ಅನುಭವಿಸಿದವರ ಮಾತೇ ಆಪ್ತವಾಕ್ಯ. ಪಾತ್ರೆಯ ಬಣ್ಣವನ್ನು ಮುಂದಿಟ್ಟು, ಕೈ ಉರಿಯುತ್ತದೆಂದವರ ಮಾತನ್ನು ಸುಳ್ಳೆನ್ನುವ ಅಧಿಕಾರವನ್ನು ಆ ಸೂತ್ರವು ಯಾರಿಗೂ ಕೊಟ್ಟಿಲ್ಲ.