‘ಮಾರ್ಜಿನ್’ ಮತ್ತು ಅಂಚು: ಒಂದು ಪರಿಭಾಷೆಯ ವಿಚಾರ

ಕನ್ನಡ ವಿಮರ್ಶೆಯಲ್ಲಿ ‘ಅಂಚಿನವರು’ ಎಂಬ ಪರಿಭಾಷೆ ರೂಢವಾಗಿದೆ. ಅದರ ಹಿಂದಿರುವ ಇಂಗ್ಲಿಷಿನ ‘ಮಾರ್ಜಿನ್’ ಶಬ್ದದ ಅರ್ಥಚರಿತ್ರೆಯನ್ನು ಗಮನಿಸದೆಯೇ ನಾವು ಅದನ್ನು ಬಳಸುತ್ತ ಬಂದಿದ್ದೇವೆ.

ಲ್ಯಾಟಿನ್ನಿನ ‘ಮಾರ್ಗೊ’ ಮೂಲದ ಈ ಶಬ್ದ 14ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಗಡಿನಾಡೆಂಬ ಅರ್ಥದ ‘ಮಾರ್ಚ್’, ಗುರುತೆಂಬ ಅರ್ಥದ ‘ಮಾರ್ಕ್’, ಫಾರಸಿಯ ‘ಮರ್ಜ್’ ಇದರ ಜ್ಞಾತಿಪದಗಳು. ನೀರಿನ ದಡ, ಪುಟದ ಸುತ್ತಣ ಬಿಡುವು, ವ್ಯಾಪಾರದ ಲಾಭ ಎಂದು ಅದರ ಅರ್ಥ ವಿಸ್ತರಿಸಿತು. ಸಮಾಜಶಾಸ್ತ್ರಜ್ಞ ರಾಬರ್ಟ್ ಪಾರ್ಕ್ 1928ರ ಲೇಖನದಲ್ಲಿ ನಿರೂಪಿಸಿದ ‘ಮಾರ್ಜಿನಲ್ ಮನುಷ್ಯ’ನಾದರೋ ಎರಡು ಸಂಸ್ಕೃತಿಗಳ ನಡುವೆ ಬದುಕುವ ವಲಸೆಗಾರ. ತುಳಿತಕ್ಕೊಳಗಾದವನೆಂಬ ಅರ್ಥ ಪ್ರಬಲವಾದದ್ದು ಆಮೇಲೆ.

ಕನ್ನಡದ ‘ಅಂಚಿ’ನ ಧ್ವನಿ ಬೇರೆ. ಸೀರೆಯ ಅಂಚು ಒಡಲಿನೊಡನೆಯೇ ನೇಯ್ದದ್ದು. ಅನೇಕ ಸೀರೆಗಳ ಬೆಲೆಯನ್ನು ಹೆಚ್ಚಿಸುವುದು ಅದೇ. ಓಲೆಗರಿಯ ಅಂಚಿನಲ್ಲಿ ಬರೆದ ಗರಿಸಂಖ್ಯೆಯಿಲ್ಲದೆ ಚದುರಿದ ಕಟ್ಟನ್ನು ಜೋಡಿಸುವುದು ಕಷ್ಟ. ಆದುದರಿಂದ ‘ಅಂಚಿನವರು’ ಎಂದಾಗ ಅನ್ಯಾಯದ ಧ್ವನಿ ಹೊರಡುವುದಿಲ್ಲ; ಅದು ಅವರ ಸಹಜ ಸ್ಥಾನವೆಂಬಂತೆ ಕೇಳಿಸುತ್ತದೆ. ‘ಅಂಚಿಗೆ ತಳ್ಳಲ್ಪಟ್ಟವರು’ ಎಂಬುದು ದೀರ್ಘವಾದರೂ, ತಳ್ಳಿದವರು ಯಾರೆಂಬ ಪ್ರಶ್ನೆಯನ್ನು ಉಳಿಸಿಕೊಳ್ಳುತ್ತದೆ.

ಉದ್ಯೋಗನಿಮಿತ್ತ ಮುಂಬಯಿ, ದೆಹಲಿಗಳಲ್ಲಿ ನೆಲೆಸಿದ ನಮ್ಮಂಥ ಅಧ್ಯಾಪಕರು ಪಾರ್ಕ್ ಹೇಳಿದ ಅರ್ಥದಲ್ಲಿ ಅಂಚಿನವರಾಗಿರಬಹುದು, ತಳ್ಳಲ್ಪಟ್ಟವರಲ್ಲ. ಎರಡಕ್ಕೂ ಒಂದೇ ಪದವನ್ನು ಬಳಸಿದರೆ, ನಮ್ಮ ವಲಸೆಯೂ ಊರ ಹೊರಗಿನ ಕೇರಿಯ ನೋವೂ ಒಂದೇ ಎಂದಂತಾಗುತ್ತದೆ. ಸಂಶೋಧಕರು ಈ ವಿವೇಚನೆಯನ್ನು ಮರೆಯಬಾರದೆಂಬುದು ನಮ್ಮ ಅಭಿಪ್ರಾಯ.