ಕೇಳದೆ ಹಾಕಿದ ಕತ್ತರಿ

ಅಮೆರಿಕದ ಮಿಸೌರಿ ರಾಜ್ಯದ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನಲ್ಲಿ ಪತ್ರಿಕೋದ್ಯಮ ತರಗತಿಯ ಮಕ್ಕಳು ‘ಸ್ಪೆಕ್ಟ್ರಮ್’ ಎಂಬ ಪತ್ರಿಕೆ ತರುತ್ತಿದ್ದರು. 1983ರ ಮೇ ತಿಂಗಳ ಸಂಚಿಕೆ ಆರು ಪುಟದ್ದು. ಅಚ್ಚಿಗೆ ಮುನ್ನ ಪುಟ ನೋಡಿದ ಪ್ರಿನ್ಸಿಪಾಲರಿಗೆ ಎರಡು ಬರಹ ಹಿಡಿಸಲಿಲ್ಲ. ಒಂದು, ಅದೇ ಶಾಲೆಯ ಮೂವರು ಹುಡುಗಿಯರು ಬಸಿರಾದ ಅನುಭವ; ಇನ್ನೊಂದು, ಅಪ್ಪ ಅಮ್ಮನ ವಿಚ್ಛೇದನ ಕುರಿತದ್ದು. ಅವಿದ್ದ ಎರಡು ಪುಟಗಳನ್ನೇ ಅವರು ತೆಗೆಸಿದರು. ಅದೇ ಪುಟಗಳಲ್ಲಿದ್ದ, ತಕರಾರೇ ಇಲ್ಲದ ಬರಹಗಳೂ ಜೊತೆಗೆ ಹೋದವು. ಮಕ್ಕಳಿಗೆ ವಿಷಯ ಗೊತ್ತಾದದ್ದು ನಾಲ್ಕು ಪುಟದ ಪತ್ರಿಕೆ ಬಂದಾಗ.

ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1988ರ ಜನವರಿ 13ರಂದು ಐವರು ನ್ಯಾಯಮೂರ್ತಿಗಳು ಶಾಲೆಯ ಪರ, ಮೂವರು ಮಕ್ಕಳ ಪರ ನಿಂತರು. ಬಹುಮತದ ತೀರ್ಪು ಬರೆದ ಬೈರನ್ ವೈಟ್ ಅವರ ತರ್ಕ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಬಂದ ಡೆ ಮಾಯ್ನ್ ನಗರದ ಮಕ್ಕಳಿಗೆ ಇದೇ ಕೋರ್ಟು 1969ರ ಟಿಂಕರ್ ಪ್ರಕರಣದಲ್ಲಿ ರಕ್ಷಣೆ ಕೊಟ್ಟಿತ್ತು. ಅಲ್ಲಿ ಮಾತು ಮಕ್ಕಳದ್ದು, ಶಾಲೆ ಸಹಿಸಿಕೊಂಡರೆ ಸಾಕಿತ್ತು. ಇಲ್ಲಿ ಹಣ ಶಾಲೆಯದು, ಹೆಸರು ಶಾಲೆಯದು, ಬರೆದದ್ದಕ್ಕೆ ಅಂಕವೂ ಉಂಟು. ಆದ್ದರಿಂದ ಬೋಧನೆಗೆ ಸಂಬಂಧಿಸಿದ ನ್ಯಾಯವಾದ ಕಾಳಜಿಯಿದ್ದರೆ ಶಾಲೆ ತಡೆಯಬಹುದು ಎಂದಿತು ತೀರ್ಪು.

ಪ್ರಿನ್ಸಿಪಾಲರ ಆತಂಕಗಳೂ ಹುಸಿಯಲ್ಲ. ಹೆಸರು ಬದಲಿಸಿದ್ದರೂ ಆ ಹುಡುಗಿಯರ ಗುರುತು ಹತ್ತಬಹುದಿತ್ತು. ವಿಚ್ಛೇದನದ ಬರಹದಲ್ಲಿ ಹುಡುಗಿಯೊಬ್ಬಳು ಅಪ್ಪನನ್ನು ದೂರಿದ್ದಳು. ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ. ಒಳ್ಳೆಯ ಸಂಪಾದಕನೂ ಇದನ್ನೇ ಎತ್ತುತ್ತಿದ್ದ. ಆದರೆ ಸಂಪಾದಕ ವರದಿಗಾರನನ್ನು ಕರೆದು ಕೇಳುತ್ತಾನೆ. ಇವರು ಕರೆಯಲೇ ಇಲ್ಲ. ಕರೆದಿದ್ದರೆ, ಆ ಹುಡುಗಿಯ ಹೆಸರನ್ನು ಅಂತಿಮ ಪ್ರತಿಯಿಂದ ಶಿಕ್ಷಕರು ಆಗಲೇ ತೆಗೆದಿದ್ದಾರೆಂದು ತಿಳಿಯುತ್ತಿತ್ತು. ಪ್ರಿನ್ಸಿಪಾಲರಿಗೆ ಇದು ಗೊತ್ತಿರಲಿಲ್ಲವೆಂದು ತೀರ್ಪೇ ದಾಖಲಿಸುತ್ತದೆ. ದಾಖಲಿಸಿ, ಅವರು ನಡೆದುಕೊಂಡದ್ದು ಸಮಂಜಸವೇ ಎಂದು ಮುಂದೆ ಸಾಗುತ್ತದೆ! ಶಾಲಾವರ್ಷ ಮುಗಿಯುತ್ತಿತ್ತು, ತಿದ್ದಲು ಹೊತ್ತಿಲ್ಲವೆಂದು ಅವರು ನಂಬಿದ್ದರು ಎಂಬುದು ಸಮರ್ಥನೆ. ಸುದ್ದಿಮನೆಯಲ್ಲಿ ಕೂತವರಿಗೆ ಈ ಅವಸರ ಹೊಸದಲ್ಲ; ಅವಸರದಲ್ಲೂ ಫೋನೆತ್ತಿ ಕೇಳುವುದೇ ಆ ಕಸುಬಿನ ಮೊದಲ ಪಾಠ. ಪತ್ರಿಕೆ ಎಂದರೆ ಪಾಠದ ಭಾಗ ಎಂದು ವಾದಿಸಿದ ತೀರ್ಪು, ಆ ಪಾಠವನ್ನೇ ಮರೆತವರನ್ನು ಪಾಸು ಮಾಡಿತು.

ಮಾರ್ಷಲ್, ಬ್ಲ್ಯಾಕ್‌ಮನ್ ಜೊತೆಗೂಡಿ ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೆನನ್ ಇದನ್ನು ಬಿಡಲಿಲ್ಲ. ಬೇಡದ ಸಾಲು ಹೊಡೆದುಹಾಕುವಂಥ ಸಣ್ಣ ದಾರಿಗಳಿರುವಾಗ ಪುಟಕ್ಕೆ ಪುಟ ಏಕೆ ಹೋಗಬೇಕು ಎಂಬುದು ಅವರ ಆಕ್ಷೇಪಗಳಲ್ಲೊಂದು. ನನಗೆ ಅದಕ್ಕಿಂತ ದೊಡ್ಡ ದೋಷ ಕಾಣುವುದು ಅಳತೆಗೋಲಿನಲ್ಲೇ. ‘ಬೋಧನೆಯ ಕಾಳಜಿ’ ಎಂದರೆ ಏನೂ ಆಗಬಹುದು: ವ್ಯಾಕರಣ, ಸಭ್ಯತೆ, ಕಿರಿಯರ ವಯಸ್ಸು, ಆಡಳಿತದ ಮುಜುಗರ. ಕತ್ತರಿಸಿದ್ದರಿಂದ ಏನು ಕಳೆಯಿತೆಂದು ಅದು ಕೇಳುವುದೇ ಇಲ್ಲ.

ರಾಜ್ಯಗಳು ತಮ್ಮದೇ ದಾರಿ ಹುಡುಕಿದವು. ಕ್ಯಾಲಿಫೋರ್ನಿಯಾದಲ್ಲಿ 1977ರಿಂದಲೇ ಶಾಲಾ ಪತ್ರಿಕೆಗಳನ್ನು ಕಾಯುವ ಕಾನೂನಿತ್ತು. ಅಯೋವಾ 1989ರಲ್ಲಿ, ಮಿಸೌರಿಯ ನೆರೆಯ ಕಾನ್ಸಾಸ್ 1992ರಲ್ಲಿ ಮಾಡಿಕೊಂಡವು. ಕಾನ್ಸಾಸ್ ಕಾನೂನು ಮಾನಹಾನಿಗೂ ಅಶ್ಲೀಲಕ್ಕೂ ರಕ್ಷಣೆ ಕೊಡುವುದಿಲ್ಲ. ವಿಷಯ ವಿವಾದದ್ದು ಎಂಬ ಒಂದೇ ಕಾರಣಕ್ಕೆ ತಡೆಯುವಂತಿಲ್ಲ, ಅಷ್ಟೆ. 2017ರಲ್ಲಿ ಅಲ್ಲಿನ ಪಿಟ್ಸ್‌ಬರ್ಗ್ ಹೈಸ್ಕೂಲಿನ ಮಕ್ಕಳು ತಮ್ಮ ‘ಬೂಸ್ಟರ್ ರಿಡಕ್ಸ್’ ಪತ್ರಿಕೆಗಾಗಿ, ಹೊಸದಾಗಿ ನೇಮಕವಾದ ಪ್ರಿನ್ಸಿಪಾಲರ ಪದವಿಗಳ ಬೆನ್ನು ಹತ್ತಿದರು. ಪದವಿ ಕೊಟ್ಟಿದೆ ಎನ್ನಲಾದ ವಿಶ್ವವಿದ್ಯಾಲಯದ ಬಗ್ಗೆಯೇ ಅನುಮಾನ ಎದ್ದಿತು. ಅವರು ಅಧಿಕಾರ ವಹಿಸಿಕೊಳ್ಳುವ ಮೊದಲೇ ರಾಜೀನಾಮೆ ಕೊಟ್ಟರು. ಹೇಜಲ್‌ವುಡ್ ತೀರ್ಪೊಂದೇ ಇದ್ದಿದ್ದರೆ, ಆ ವರದಿಯನ್ನು ತಡೆಯಲು ಆಡಳಿತಕ್ಕೆ ‘ಬೋಧನೆಯ ಕಾಳಜಿ’ಯೊಂದು ಸಿಗುವುದೇನೂ ಕಷ್ಟವಿರಲಿಲ್ಲ.